ಅಲ್ಲಾಡದ ಟೇಬಲ್ಲು

“ಮೊಣಕೈ ಊರಬೇಡಿ ಮಾವ, ಅಲ್ಲಾಡುತ್ತೆ,” ಎಂದ ಅಳಿಯ.

ಊರದೆ ಬಿಡುತ್ತಾರೆಯೇ ಮೇಸ್ತ್ರಿ? ಊರಿಯೇಬಿಟ್ಟರು. ಅಂಗಡಿಯಿಂದ ಆಗತಾನೇ ಬಂದ ಎಂಟು ಮೂಲೆಯ ಪೋಕರ್ ಟೇಬಲ್ಲು, ಹಸಿರು ಬಟ್ಟೆ, ಲೋಟ ಇಡುವ ತೂತುಗಳ ಸಮೇತ ಚಳಿಜ್ವರ ಬಂದವರ ಹಾಗೆ ನಡುಗಿತು. ನಲವತ್ತು ವರ್ಷ ಮರಗೆಲಸ ಮಾಡಿದ ಮನುಷ್ಯನಿಗೆ ಮೈಯೆಲ್ಲ ಉರಿದುಹೋಯಿತು.

“ಇದನ್ನ ಟೇಬಲ್ ಅಂತಾರಾ? ಮರದ ಹೊಟ್ಟು ಒತ್ತಿ ಮಾಡಿದ ಹಲಗೆ, ತಗಡಿನ ಕಾಲು! ಚೆನ್ನಾಗಿ ಟೋಪಿ ಹಾಕಿದಾನೆ ನಿಮಗೆ.”

“ಭಾನುವಾರ ಮಧ್ಯಾಹ್ನ ಎರಡು ಗಂಟೆ ಇಸ್ಪೀಟು ಆಡೋಕೆ ಇಷ್ಟು ಸಾಕು ಬಿಡಿ. ಆಮೇಲೆ ಮಡಚಿ ಇಟ್ಟರಾಯ್ತು.”

ಆ ಟೇಬಲ್ಲು ಹಿಡಿಸುವ ಕೋಣೆ ಮನೆಯಲ್ಲಿ ಮೇಸ್ತ್ರಿಯವರದೊಂದೇ. ಅದೂ ಮಂಚವನ್ನು ಎತ್ತಿ ಗೋಡೆಗೆ ನಿಲ್ಲಿಸಿದರೆ ಮಾತ್ರ. ಹೆಂಡತಿ ಹೋದ ಮೇಲೆ ಮಗಳ ಮನೆಗೆ ಬಂದಾಗ ಅವರು ಬಾಯಿಬಿಟ್ಟು ಕೇಳಿದ್ದು ಒಂದನ್ನೇ: ಬಾಗಿಲು ಹಾಕಿಕೊಂಡು ಕೂರಲು ಒಂದು ಕೋಣೆ. ಮಡಚುತ್ತೆ ಎಂದು ಮಗಳು ಎರಡೆರಡು ಸಲ ಹೇಳಿದ ಮೇಲೆಯೇ ಟೇಬಲ್ಲು ಒಳಗೆ ಬರಲು ಒಪ್ಪಿದ್ದರು.

ಗುರುವಾರ ಟೇಬಲ್ಲನ್ನು ಬೋರಲು ಹಾಕಿದರು. ಹಲಗೆಯ ಅಡಿಗೆ ಪ್ಲೈವುಡ್ ಕೊಯ್ದು ಅಂಟಿಸಿದರು. ಸಡಿಲ ಬಿದ್ದ ಬಟ್ಟೆ ಕಿತ್ತು, ಕೆಳಗೆ ತೆಳ್ಳನೆಯ ಫೋಮ್ ಕೊಟ್ಟು, ಒಂದು ಸುಕ್ಕೂ ಇಲ್ಲದಂತೆ ಎಳೆದು ಮೊಳೆ ಹೊಡೆದರು. ಆದರೂ ಕಾಲು ಕುಣಿಯುತ್ತಲೇ ಇತ್ತು. ಕೀಲಿನಲ್ಲೇ ಇದೆ ರೋಗ ಎಂದು ಬೈದುಕೊಂಡು, ಕಾಲಿನಿಂದ ಕಾಲಿಗೆ ಗಟ್ಟಿಮರದ ಅಡ್ಡಪಟ್ಟಿ ಕೊಟ್ಟು, ಕೀಲಿಗೆ ಮರದ ತುಂಡು ಜಡಿದು, ಅಂಟು ಸುರಿದು, ಮೇಲೆ ಸ್ಕ್ರೂ ಬಿಗಿದರು. ಮಂಚ ಗೋಡೆಗೆ ನಿಂತೇ ಇತ್ತು. ಮೂರು ದಿನ ನೆಲದ ಮೇಲೇ ಮಲಗಿ ಎದ್ದರು. ಅದರ ಪರಿವೆ ಯಾರಿಗಿತ್ತು? ಎರಡು ವರ್ಷದ ಮೇಲೆ ಕೈಗೆ ಒಂದು ಕೆಲಸ ಸಿಕ್ಕಿತ್ತು.

ಭಾನುವಾರ ಅಳಿಯನ ಗೆಳೆಯರು ಬಂದರು. ಅವರಲ್ಲೊಬ್ಬ ಧಡಿಯ ಟೇಬಲ್ಲಿನ ಮೇಲೆ ಕುಕ್ಕರಿಸಿಯೇಬಿಟ್ಟ. ಕಿರ್ ಅನ್ನಲಿಲ್ಲ ಅದು.

“ಮೇಸ್ತ್ರಿ ಅಂದರೆ ಮೇಸ್ತ್ರಿ ಕಣ್ರೀ!” ಎಂದ. ಮುದುಕರ ಎದೆ ಉಬ್ಬಿತು. ಇನ್ನೊಮ್ಮೆ ಕುಕ್ಕರಿಸಬಾರದೇ ಅನ್ನಿಸಿತು.

ಆಟ ಮುಗಿದು ಗೆಳೆಯರು ಹೋದ ಮೇಲೆ ಅಳಿಯ ಬಗ್ಗಿ ಟೇಬಲ್ಲಿನ ಅಡಿಯಲ್ಲಿ ತಡಕಾಡಿದ.

“ಮಾವ, ಇದನ್ನ ಈಗ ಮಡಚೋದು ಹೇಗೆ?”

ಮೇಸ್ತ್ರಿಯೂ ಬಗ್ಗಿ ನೋಡಿದರು. ನಡುಗುವ ಕಾಲನ್ನು ನಿಲ್ಲಿಸುವ ಭರದಲ್ಲಿ ಮಡಚುವುದು ಅವರ ತಲೆಗೇ ಬಂದಿರಲಿಲ್ಲ.

“ಪಟ್ಟಿ ಬಿಚ್ಚಿಬಿಡ್ತೀನಿ. ಅಂಟು ಹಿಡಿದಿದೆ, ಹಲಗೆ ಸ್ವಲ್ಪ ಕಿತ್ತು ಬರಬಹುದು, ಅಷ್ಟೇ...”

“ಅಯ್ಯಯ್ಯೋ, ಬೇಡ ಬೇಡ! ಇಷ್ಟು ಚೆನ್ನಾಗಿರೋದನ್ನ ಯಾರಾದರೂ ಹಾಳು ಮಾಡ್ತಾರಾ? ನಿಮ್ಮ ಮಂಚಕ್ಕೆ ಹಾಲ್‌ನಲ್ಲಿ ಬೇಕಾದಷ್ಟು ಜಾಗ ಇದೆ ಮಾವ.”

ಮೇಸ್ತ್ರಿ ಮಗಳ ಕಡೆ ನೋಡಿದರು. ಅವಳು ತೂತುಗಳಿಂದ ಲೋಟ ಎತ್ತಿಕೊಳ್ಳುತ್ತಿದ್ದಳು.

“ಟಿವಿ ಪಕ್ಕ ಗಾಳಿ ಚೆನ್ನಾಗಿ ಬರುತ್ತೆ ಅಪ್ಪ,” ಎಂದಳು, ಲೋಟಗಳನ್ನು ನೋಡುತ್ತಲೇ. “ನಿನಗೂ ಹೊತ್ತು ಹೋಗುತ್ತೆ.”

ಹೇಳಲು ಮಾತು ಬೇಕಾದಷ್ಟಿತ್ತು. ಆದರೆ ಯಾರ ಮೇಲೆ ಹರಿಹಾಯುವುದು? ತಮ್ಮ ಕೈಯಾರೆ ಮಾಡಿಕೊಂಡದ್ದು.

ಮಂಚದ ತಲೆಯ ಕಡೆ ಅಳಿಯ ಹಿಡಿದ, ಕಾಲಿನ ಕಡೆ ಇವರು. ಟೇಬಲ್ಲಿಗೂ ಬಾಗಿಲಿಗೂ ನಡುವೆ ಗೇಣು ಜಾಗ.

“ಜೋಪಾನ ಮಾವ, ಬಟ್ಟೆಗೆ ತಾಗುತ್ತೆ!”

ಮೇಸ್ತ್ರಿ ಮಂಚದ ಕಾಲನ್ನು ಹೆಗಲಿನ ಮಟ್ಟಕ್ಕೆ ಎತ್ತಿ, ಉಸಿರು ಬಿಗಿಹಿಡಿದು, ಹಸಿರು ಬಟ್ಟೆಗೆ ಒಂದಿಷ್ಟೂ ತಾಗದಂತೆ ದಾಟಿಸಿದರು.