ಸೋಫಾದ ಮೇಲಿನ ಕಿವಿ

“ಈಗ?” ಎಂದು ಅವನು ಟಿ.ವಿ. ಸ್ಟ್ಯಾಂಡಿನ ಹಿಂದಿನಿಂದ ಕೂಗಿದ.

“ಇದೆ,” ಎಂದಳು ಹೆಂಡತಿ, ಸೋಫಾದಿಂದ.

ಅವನು ಹೊಟ್ಟೆಯ ಮೇಲೆ ಮಲಗಿದ್ದ. ಮೂಗಿನ ತುದಿಗೆ ಧೂಳು, ಕೈಯಲ್ಲಿ ಟಾರ್ಚು. ಹೋಮ್ ಥಿಯೇಟರ್ ತಂದಂದಿನಿಂದ ಅದರ ಸಬ್‌ವೂಫರ್, ತಗ್ಗಿನ ಸ್ವರಗಳಿಗೆಂದೇ ಇರುವ ಆ ಕಪ್ಪು ಡಬ್ಬ, ಹಾಡಿರಲಿ ಬಿಡಲಿ ಗುಂಯ್ ಎನ್ನುತ್ತಿತ್ತು. ದೊಡ್ಡ ಸದ್ದೇನಲ್ಲ. ಪರದೆಯ ಮೇಲೆ ಯಾರಾದರೂ ಸತ್ತು ಉಳಿದವರೆಲ್ಲ ಸುಮ್ಮನಾದಾಗ ಮಾತ್ರ ಎದ್ದು ಕೇಳುವಂಥದು. ನೋಡಲು ಬಂದ ಮೆಕ್ಯಾನಿಕ್ “ಎಲ್ಲರ ಮನೇಲೂ ಸ್ವಲ್ಪ ಇರುತ್ತೆ ಸರ್” ಎಂದು ಟೀ ಕುಡಿದು ಹೋಗಿದ್ದ. ಭೌತಶಾಸ್ತ್ರ ಕಲಿಸುವವನ ಮುಂದೆ ಆಡುವ ಮಾತೇ ಇದು?

ತೊಡಕೆಂದರೆ, ಆ ಗುಂಯ್ ಡಬ್ಬದ ಹತ್ತಿರ ಅಷ್ಟಾಗಿ ಕೇಳುತ್ತಿರಲಿಲ್ಲ. ಕೋಣೆಯನ್ನೆಲ್ಲ ಸುತ್ತಿ ಸೋಫಾದ ಬಳಿ ಹೋಗಿ ದಪ್ಪವಾಗುತ್ತಿತ್ತು. ತಂತಿ ಕೀಳುವ ಕೈ ಇಲ್ಲಿ, ಕೇಳುವ ಕಿವಿ ಅಲ್ಲಿ. ಹಾಗಾಗಿ ಕಿವಿಯ ಕೆಲಸವನ್ನು ಹೆಂಡತಿಗೆ ವಹಿಸಿದ್ದ.

ಸಂಜೆಯೊಳಗೆ ಇನ್ನೊಂದು ವಿಷಯವೂ ಇತ್ಯರ್ಥವಾಗಬೇಕಿತ್ತು. ದೂರದ ಊರಿನ ಕಾಲೇಜಿಗೆ ಅವನನ್ನು ಪ್ರಿನ್ಸಿಪಾಲ್ ಮಾಡುವುದೆಂದು ಆಡಳಿತ ಮಂಡಳಿ ನಿರ್ಧರಿಸಿತ್ತು. ಒಪ್ಪಿಗೆಯೋ ಅಲ್ಲವೋ ಎಂದು ಕೇಳಲು ಕಾರ್ಯದರ್ಶಿ ಇವತ್ತು ಫೋನ್ ಮಾಡುವವರಿದ್ದರು. ಹೋಗುವುದಾದರೆ ಹೆಂಡತಿ ಗೆಳತಿಯ ಜೊತೆ ಸೇರಿ ಕಟ್ಟಿ ಬೆಳೆಸಿದ ಶಿಶುವಿಹಾರವನ್ನು ಬಿಟ್ಟು ಬರಬೇಕು. ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿದ್ದ. “ಹೂಂ, ಹೋಗೋಣ” ಎಂದಿದ್ದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆ ನೆಮ್ಮದಿಯಲ್ಲೇ ಅವನು ಸ್ಕ್ರೂಡ್ರೈವರ್ ಹುಡುಕಿಕೊಂಡು ಬಂದಿದ್ದ.

‘ಒಂದು ಸಲಕ್ಕೆ ಒಂದೇ ಬದಲಾವಣೆ’ ಎಂದು ಲ್ಯಾಬಿನಲ್ಲಿ ಹುಡುಗರ ತಲೆ ತಿನ್ನುವವನು, ಹಾಗೆಯೇ ಶುರುಮಾಡಿದ. ಮೊದಲು ಕೇಬಲ್ ಟಿ.ವಿ.ಯ ತಂತಿ ಕಿತ್ತ. ಹೊರಗಿನಿಂದ ಬರುವ ಆ ತಂತಿಗೂ ಮನೆಯ ಅರ್ಥಿಂಗ್‌ಗೂ ಹೊಂದಿಕೆಯಾಗದಿದ್ದರೆ ಇಂಥ ಗುಂಯ್ ಹುಟ್ಟುತ್ತದೆ.

“ಈಗ?”

“ಸ್ವಲ್ಪ ಕಮ್ಮಿ ಆದ ಹಾಗಿದೆ.”

ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ಚುಚ್ಚಿದ.

“ಈಗ?”

“ಇದೆ ಕಣ್ರೀ.”

“ಜಾಸ್ತಿನೋ, ಕಮ್ಮಿನೋ?”

“ಅಷ್ಟೇ ಇದೆ.”

ಒಳ್ಳೆಯ ಕಿವಿ ಎಂದುಕೊಂಡ. ಅವಳು ಯಾವತ್ತೂ ಹೀಗೆಯೇ. ಕೇಳಿದ್ದಕ್ಕೆ ಚುಟುಕು ಉತ್ತರ, ಎಳೆದಾಟವಿಲ್ಲ. ಮನೆಯ ಬಣ್ಣವಿರಲಿ, ಮಕ್ಕಳು ಸದ್ಯಕ್ಕೆ ಬೇಡ ಎಂಬ ಮಾತಿರಲಿ, ಆ ಸದ್ಯ ಮುಗಿಯದೇ ಹೋದದ್ದಿರಲಿ, ಎಲ್ಲವೂ ಒಂದು ಹೂಂನಲ್ಲಿ ಮುಗಿದಿದ್ದವು. ಜಗಳವಿಲ್ಲದ ಸಂಸಾರವೆಂದು ಸ್ಟಾಫ್ ರೂಮಿನಲ್ಲಿ ಅವನಿಗೆ ಹೆಸರೇ ಇತ್ತು.

ಇನ್ನು ಉಳಿದದ್ದು ಆಂಪ್ಲಿಫೈಯರಿನಿಂದ ಡಬ್ಬಕ್ಕೆ ಹೋಗುವ ತಂತಿ. ಕರೆಂಟಿನ ಜೊತೆ ಹುಡುಗಾಟ ಬೇಡವೆಂದು ಡಬ್ಬದ ಪವರ್ ವೈರನ್ನು ಎರಡೂ ಕಡೆಯಿಂದ ಕಿತ್ತು, ಹಳೆಯ ತಂತಿ ತೆಗೆದು ಹೊಸದನ್ನು ಸಿಕ್ಕಿಸಿದ. ಬೆವರು ಕಣ್ಣಿಗಿಳಿಯಿತು.

“ಈಗ?”

“ಹೂಂ, ಇದೆ. ಆದ್ರೆ ಸಣ್ಣಗೆ.”

ಅಂತೂ ದಾರಿಗೆ ಬಂತು ಎಂದು ನಕ್ಕ. ಕಣ್ಣೊರೆಸಿಕೊಳ್ಳಲು ಎಡಗೈ ಎತ್ತಿದಾಗ ಪವರ್ ವೈರು ಅದರಲ್ಲೇ ಇತ್ತು. ಡಬ್ಬದ ಕೆಂಪು ದೀಪ ಆರಿತ್ತು.

ಅವನು ಅಲುಗಾಡಲಿಲ್ಲ. ಏನನ್ನೂ ಮುಟ್ಟದೆ ಮತ್ತೆ ಕೇಳಿದ.

“ಈಗ?”

“ಈಗ ಇನ್ನೂ ವಾಸಿ.”

ಅವನು ತೆವಳಿಕೊಂಡು ಹೊರಗೆ ಬಂದ. ಹೆಂಡತಿ ಕಾಲು ಮಡಿಚಿ ಕೂತು ಬಣ್ಣದ ಕಾಗದದಲ್ಲಿ ಮೀನು ಕತ್ತರಿಸುತ್ತಿದ್ದಳು. ವೈರನ್ನು ಅವಳ ಮುಂದೆ ಹಿಡಿದ.

“ಇದು ಡಬ್ಬದ ಕರೆಂಟ್ ವೈರು. ಆಗ್ಲೇ ಕಿತ್ತಿದ್ದೆ.”

“ಹೌದಾ?”

“ಮತ್ತೆ ನಿನಗೆ ಏನು ಕೇಳಿಸ್ತಿತ್ತು?”

ಕತ್ತರಿ ನಿಲ್ಲಲಿಲ್ಲ. “ನೀವು ಅಷ್ಟು ಕಷ್ಟಪಟ್ಟು ಹುಡುಕ್ತಿದ್ರಿ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ.”

“ಮೊದಲಿಂದಾನೂ ಕೇಳಿಸ್ತಿರ್ಲಿಲ್ವಾ?”

“ನೀವು ಇದೆ ಅಂದ್ಮೇಲೆ ಇರುತ್ತೆ ಬಿಡಿ.”

ವ್ಯಂಗ್ಯವಿದೆಯೇ ಎಂದು ಮುಖ ನೋಡಿದ. ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ಈ ಮೀನೆಲ್ಲ ಯಾರಿಗೆ?”

“ಮುಂದಿನ ವರ್ಷ ಸೇರೋ ಮಕ್ಕಳಿಗೆ. ಗೋಡೆಗೆ ಅಂಟಿಸೋಕೆ.”

“ಅಷ್ಟೊತ್ತಿಗೆ ನಾವು ಇಲ್ಲಿ ಇರಲ್ವಲ್ಲ.”

“ಹೂಂ. ಇರಲ್ಲ.”

“ನಿಜ ಹೇಳು. ನಿನಗೆ ಬರೋಕೆ ಇಷ್ಟ ಇದೆಯಾ?”

“ಬೆಳಿಗ್ಗೆನೇ ಹೂಂ ಅಂದೆನಲ್ಲ.”

ಅವನು ಸೋಫಾದ ಇನ್ನೊಂದು ತುದಿಯಲ್ಲಿ ಕೂತ. ನಾಚಿಕೆಯಾಗಬೇಕಿತ್ತು; ಆದದ್ದು ಭಯ. ಇಷ್ಟು ವರ್ಷಗಳಲ್ಲಿ ಅವಳು ಒಂದೇ ಒಂದು ಸಲ ‘ಇಲ್ಲ’ ಎಂದಿದ್ದರೆ, ಉಳಿದ ಹೂಂಗಳನ್ನೆಲ್ಲ ಅದರ ಪಕ್ಕದಲ್ಲಿಟ್ಟು ಅಳೆಯಬಹುದಿತ್ತು. ಸೊನ್ನೆಯ ಗುರುತೇ ಇಲ್ಲದ ಮೀಟರನ್ನು ನಂಬಿ ಸಂಸಾರ ಮಾಡಿದ್ದ. ಇದೇ ತಪ್ಪನ್ನು ಹುಡುಗರು ಮಾಡಿದ್ದರೆ ಲ್ಯಾಬಿನಿಂದ ಆಚೆ ಕಳಿಸುತ್ತಿದ್ದ. ಅವಳು ಇಲ್ಲ ಎನ್ನಬಹುದಾದಂತೆ ತಾನು ಎಂದಾದರೂ ಕೇಳಿದ್ದುಂಟೇ ಎಂದು ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

“ಬೇಡ ಅನ್ನು,” ಎಂದ ಇದ್ದಕ್ಕಿದ್ದಂತೆ. “ಒಂದು ಸಲ ಬೇಡ ಅಂದುಬಿಡು.”

“ಬೇಡ,” ಎಂದಳು ಕೂಡಲೇ. “ಸರಿ ಹೋಯ್ತಾ?”

ಫೋನ್ ಬಡಿದುಕೊಂಡಿತು. ಕಾರ್ಯದರ್ಶಿಯದು ಪಕ್ಕದ ಮನೆಗೂ ಕೇಳುವ ಗಂಟಲು.

“ಏನ್ ಮೇಷ್ಟ್ರೇ, ಏನು ತೀರ್ಮಾನ ಮಾಡಿದ್ರಿ? ಮನೆಯವರು ಒಪ್ಪಿದ್ರಾ?”

“ಒಂದು ನಿಮಿಷ ಸರ್. ಕೇಳಿ ಹೇಳ್ತೀನಿ.”

ಫೋನನ್ನು ಅಂಗೈಯಿಂದ ಮುಚ್ಚಿ ಅವಳ ಕಡೆ ತಿರುಗಿದ. ಈ ಸಲ ಹೇಗೆ ಕೇಳಬೇಕೆಂದು ಯೋಚಿಸಿದ. ಸರಿಯಾದ ಮಾತು ಸಿಕ್ಕಿತೆನಿಸಿ ಬಾಯಿ ತೆರೆದ.

ಪ್ರಶ್ನೆ ಇನ್ನೂ ಹೊರಬಿದ್ದಿರಲಿಲ್ಲ. ಅವಳು ಮೀನಿನ ಬಾಲವನ್ನು ಹುಷಾರಾಗಿ ಕತ್ತರಿಸುತ್ತ, ಕಣ್ಣೆತ್ತದೆ, ಆಗಲೇ ಹೂಂ ಎಂಬಂತೆ ತಲೆಯಾಡಿಸುತ್ತಿದ್ದಳು.