ಕೌಂಡಿನ್ಯಕ್ಕೆ ಎರಡು ಸ್ಪೆಲ್ಲಿಂಗ್

ವಾದಿರಾಜನಿಗೆ ಹೊಟ್ಟೆಕಿಚ್ಚು. ಸುಳ್ಳೇಕೆ ಹೇಳಬೇಕು, ಆರಾಧನಾಳ ಹೆಸರು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಎನ್.ಆರ್. ಕಾಲೋನಿಯ ಶೀನಣ್ಣನವರ ವಧೂವರರ ಕೇಂದ್ರಕ್ಕೆ ಜಾತಕ ಹೊಂದಿಸುವ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಪರ್ಲ್ ಭಾಷೆಯಲ್ಲಿ ಬರೆದವನು ಅವನು. ನಾಲ್ಕು ವರ್ಷ ಅದನ್ನು ಸಾಕಿದವನೂ ಅವನೇ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಈ ಹುಡುಗಿ ಅದಕ್ಕೊಂದು ಮಾಡ್ಯೂಲ್ ಅಂಟಿಸಿದ್ದೇ ತಡ, ಶೀನಣ್ಣನವರ ಬಾಯಲ್ಲಿ ಅವಳದೇ ಜಪ.

ಮಾಡ್ಯೂಲ್ ಅಂದರೆ ಮಹಾ ಏನಲ್ಲ. ತಪ್ಪು ಹುಡುಕುವ ಡೀಬಗ್ ಸ್ವಿಚ್ಚನ್ನು ಒಂದಕ್ಕೆ ಇಟ್ಟರೆ ಪ್ರೋಗ್ರಾಂ ಹೆಜ್ಜೆ ಹೆಜ್ಜೆಗೂ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ತಪ್ಪು ಕಂಡಲ್ಲಿ ನಿಂತುಬಿಡುತ್ತದೆ. ಸೊನ್ನೆಗೆ ಇಟ್ಟರೆ ಪರೀಕ್ಷೆಗಳು ಇದ್ದೂ ಇಲ್ಲದ ಹಾಗೆ; ಓಟವೂ ನಿಧಾನವಾಗುವುದಿಲ್ಲ.

"ಹೊಸ ಜೋಡಿಗಳ ಪಟ್ಟಿ ತೆಗೆಯೋವಾಗ ಒಂದ್ಸಲ ಸ್ವಿಚ್ ಹಾಕಿ ನೋಡ್ಬಿಡಪ್ಪಾ," ಎಂದರು ಶೀನಣ್ಣ. "ಎಷ್ಟು ಚೂಟಿ ನೋಡು ಆ ಹುಡುಗಿ!"

ಚೂಟಿಯಂತೆ ಚೂಟಿ! ನನ್ನ ಪ್ರೋಗ್ರಾಮಿಗೆ ಇವಳು ಕಾವಲೇ? ವಾದಿರಾಜ ಸ್ವಿಚ್ಚನ್ನು ಸೊನ್ನೆಗೇ ಬಿಟ್ಟು ಪಟ್ಟಿ ಪ್ರಿಂಟ್ ಹಾಕಿದ.

ಮಾರನೆಯ ಬೆಳಿಗ್ಗೆ ರಂಗನಾಯಕಮ್ಮ ಪಟ್ಟಿ ಹಿಡಿದು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. "ಏನ್ರೀ ಶೀನಣ್ಣ, ನನ್ನ ಮೊಮ್ಮಗಳು ಕೌಂಡಿನ್ಯ, ಈ ಹುಡುಗನೂ ಕೌಂಡಿನ್ಯ! ಅಣ್ಣ ತಂಗಿಗೆ ಮದುವೆ ಮಾಡಿಸ್ತೀರಾ?"

ಫಾರಂ ತುಂಬುವುದು ಇಂಗ್ಲಿಷಿನಲ್ಲಿ. ಅಜ್ಜಿಯ ಮನೆಯವರು 'ಕೌ'ಗೆ ಎ-ಯು ಬರೆದಿದ್ದರು, ಹುಡುಗನ ಕಡೆಯವರು ಓ-ಯು. ವಾದಿರಾಜನ ಪ್ರೋಗ್ರಾಂ ಅವೆರಡನ್ನೂ ಬೇರೆ ಬೇರೆ ಗೋತ್ರವೆಂದು ತಿಳಿದು ಜೋಡಿ ಹಾಕಿತ್ತು.

ಶೀನಣ್ಣನವರ ಮುಖ ಕೆಂಪಾಯಿತು. "ಏನಮ್ಮಾ ಆರಾಧನಾ, ನಿನ್ನ ಮಾಡ್ಯೂಲ್ ಇದನ್ನ ಯಾಕೆ ಹಿಡೀಲಿಲ್ಲ? ಇದೇನಾ ನಿನ್ನ ಚೂಟಿತನ?"

ಬೈಗುಳ ಅವಳಿಗೆ! ವಾದಿರಾಜನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು, ಛೀ, ಆಗಿದ್ದು ನಿಜ. ಆರಾಧನಾ ಕಣ್ಣು ತುಂಬಿಕೊಂಡು, ಸ್ವಿಚ್ಚನ್ನು ಒಂದಕ್ಕೆ ಇಟ್ಟು ಅದೇ ಪಟ್ಟಿಯನ್ನು ಮತ್ತೆ ಓಡಿಸಿದಳು. ಪ್ರೋಗ್ರಾಂ ತಟ್ಟನೆ ನಿಂತಿತು.

ಶೀನಣ್ಣ ಕನ್ನಡಕ ಏರಿಸಿ, ಆರಾಧನಾ ಮೊದಲೇ ಬರೆದಿಟ್ಟಿದ್ದ, ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಮೂಡಿದ್ದ ಕನ್ನಡವನ್ನು ಒಂದೊಂದೇ ಪದ ಓದಿದರು. "ಈ ಗೋತ್ರದ ಸ್ಪೆಲ್ಲಿಂಗ್ ನನಗೆ ಗೊತ್ತಿಲ್ಲ. ವಾದಿರಾಜ್ ಸಾರ್‌ನ ಕೇಳಿ. ಅವರಿಗೆ ಎಲ್ಲಾ ಗೊತ್ತು." ಓದಿ ಮುಗಿಸಿ ಅವನ ಕಡೆ ತಿರುಗಿದರು. "ಈಗ ಹಿಡೀತಲ್ಲಪ್ಪಾ! ನಿನ್ನೆ ಯಾಕೆ ಹಿಡೀಲಿಲ್ಲ? ನಿನ್ನೇ ಕೇಳು ಅಂತಿದೆ."



"ನಾನು ಸ್ವಿಚ್ ಹಾಕ್ಲಿಲ್ಲ," ಎಂದ ವಾದಿರಾಜ. "ಬೇಕಂತಲೇ ಹಾಕ್ಲಿಲ್ಲ."