ಕಂಕುರಾಂಗ್ ಕೊಟ್ಟ ನೀರು

ಹುಬ್ಬಿನ ಮೇಲೆ ಇರುವೆ, ಕೆಂಪಿರುವೆಯೇ ಇರಬೇಕು, ವೇಷಕ್ಕೆ ಮರದ ತೊಗಟೆ ಸುಲಿಯುವಾಗಲೇ ಸೇರಿಕೊಂಡದ್ದು, ತುರಿಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಕತ್ತಿ, ಊರು ಕಾಯುವ ಭೂತ ಕಂಕುರಾಂಗ್, ಅದು ತುರಿಸಿಕೊಳ್ಳುವುದಿಲ್ಲ, ಅದಕ್ಕೆ ಹುಬ್ಬೇ ಇಲ್ಲ, ನೆತ್ತಿಯಿಂದ ಮೊಣಕಾಲತನಕ ಬರೀ ಕೆಂಪು ನಾರು — ಒಳಗಿರುವುದು ನಾನು, ಸಂಕುಂಗ್, ಎಂದು ಗೊತ್ತಿರುವುದು ಕಾಡಿನಲ್ಲಿ ನನಗೆ ಇದನ್ನು ಸುತ್ತಿದ ಮೂವರು ಹಿರಿಯರಿಗೆ ಮಾತ್ರ. ನಾಳೆ ನೀನೇ ಕಣೋ, ಅಂದಿದ್ದ ನಿನ್ನೆ ಅವರಲ್ಲೊಬ್ಬ, ಕರಾಮೋ ಮಾವ, ಹೆತ್ತವಳ ಮುಂದೂ ಬಾಯಿ ಬಿಡಬೇಡ. ಬಿಡಲಿಲ್ಲ. ಅಮ್ಮಾ, ಪೇಟೆಗೆ ಹೋಗ್ತೀನಿ, ಈರುಳ್ಳಿ ತರಬೇಕು. ಹೋಗಿ ಬಾರೋ, ಈ ಜ್ವರ ಏನು, ಬರುತ್ತೆ ಹೋಗುತ್ತೆ, ಪಕ್ಕದ ಮನೆ ನ್ಯೀಮಾ ಇದಾಳಲ್ಲ. ಕತ್ತಿಗೆ ಕತ್ತಿ ಉಜ್ಜುತ್ತೇನೆ, ಕೂಗುತ್ತೇನೆ, ಪಟಪಟನೆ ಬಾಗಿಲು ಮುಚ್ಚುತ್ತವೆ, ಒರಳಿನಲ್ಲಿ ಒನಕೆ ಹಾಗೇ ನಿಂತಿದೆ, ದಿನಾ ಜೊತೆಗೆ ಚಹಾ ಕುಡಿಯುವ ಫೊದೇ ಒಂದು ಚಪ್ಪಲಿ ಬಿಟ್ಟು ಓಡಿದ, ಲೇ ನಾನು ಕಣೋ ಅನ್ನಬೇಕು ಅನ್ನಿಸಿತು. ಅನ್ನುವ ಹಾಗಿಲ್ಲ. ಸುನ್ನತಿಯಾದ ಹುಡುಗರು ಕಾಡಿನ ಗುಡಿಸಲಲ್ಲಿದ್ದಾರೆ, ಗಾಯ ಹಸಿ, ಕೆಟ್ಟದ್ದು ಅವರ ಹತ್ತಿರ ಸುಳಿಯಬಾರದು, ಅದಕ್ಕೇ ಈ ತಿರುಗಾಟ, ಇದನ್ನು ಹೆಂಗಸರು ಕಣ್ಣೆತ್ತಿ ನೋಡಬಾರದು, ಎದುರು ಸಿಕ್ಕವರಿಗೆ ಏಟು. ಒಂಬತ್ತು ವರ್ಷದವನಾಗಿದ್ದಾಗ ನಾನೂ ಅಲ್ಲಿ ಮಲಗಿ ಈ ಕೂಗು ಕೇಳಿದ್ದೆ, ನಮಗೆ ಯಾರೋ ಇದಾನೆ ಅಂದುಕೊಂಡಿದ್ದೆ, ಆ ಯಾರೋಗೆ ಯಾರಿದ್ದರು ಅಂತ ಯೋಚಿಸಿರಲಿಲ್ಲ, ಮಾವಿನ ಮರ, ನಮ್ಮ ಬೇಲಿ, ನಮ್ಮ ಬಾಗಿಲು — ನ್ಯೀಮಾ, ನೀರು ಕೊಡೇ, ನ್ಯೀಮಾ, ಗಂಟಲು ಒಣಗ್ತಿದೆ. ಅಮ್ಮ. ನ್ಯೀಮಾ ತನ್ನ ಮನೆಯಲ್ಲಿ ಅಗಳಿ ಹಾಕಿಕೊಂಡು ಕೂತಿದ್ದಾಳೆ, ನನಗೆ ಹೆದರಿ, ನನಗೇ. ನಡಿ, ಹಿಂದಿನಿಂದ ಕರಾಮೋ ಮಾವ ಪಿಸುಗುಟ್ಟುತ್ತಾನೆ, ನಿಲ್ಲಬೇಡ ನಡಿ. ಯಾರಾದ್ರೂ ಇದೀರಾ, ಒಳಗಿನಿಂದ ಮತ್ತೆ ಅಮ್ಮ. ನಡೆಯುತ್ತೇನೆ, ನಾಲ್ಕು ಹೆಜ್ಜೆ, ಐದು, ಆಮೇಲೆ ಕಾಲು ತಾನೇ ತಿರುಗಿತು, ಕತ್ತಿ ಕೆಳಗಿಟ್ಟೆ, ಮೊಣಕೈಯಿಂದ ಬಾಗಿಲು ನೂಕಿದೆ, ಒಳಗೆ ಕತ್ತಲು, ಮಡಕೆ ಎಲ್ಲಿದೆಯೆಂದು ಕೈಗೆ ಗೊತ್ತು, ಸೋರೆಬುರುಡೆಯಲ್ಲಿ ಮೊಗೆದು ಚಾಪೆಯ ಪಕ್ಕ ಕೂತೆ. ಅಮ್ಮ ನೋಡಿದಳು. ಚೀರಲಿಲ್ಲ. ಕಣ್ಣು ಮುಚ್ಚಿಕೊಂಡಳು, ಗಟ್ಟಿಯಾಗಿ, ಚಿಕ್ಕ ಮಕ್ಕಳು ಮುಚ್ಚಿಕೊಳ್ಳುವ ಹಾಗೆ, ನಾನೇನೂ ನೋಡಿಲ್ಲ ನನ್ನಪ್ಪ, ನಾನೇನೂ ನೋಡಿಲ್ಲ, ನನ್ನ ಮಗ ಊರಲ್ಲಿಲ್ಲ, ಪೇಟೆಗೆ ಹೋಗಿದಾನೆ, ದಾರೀಲಿ ಸಿಕ್ಕಿದ್ರೆ ಅವನಿಗೇನೂ ಮಾಡಬೇಡ, ಒಳ್ಳೆಯವನು ಅವನು. ಬುರುಡೆ ತುಟಿಗೆ ಹಿಡಿದೆ, ಕುಡಿದಳು, ಪೂರ್ತಿ ಕುಡಿದಳು, ನಾಲಿಗೆಯ ತುದಿಯಲ್ಲಿ ಅಮ್ಮಾ ಎಂಬ ಒಂದು ಮಾತು, ನುಂಗಿದೆ, ಎದ್ದೆ. ಸಾಯೋತನಕ ಇದನ್ನ ಯಾರಿಗೂ ಹೇಳಬೇಡ, ಹೊರಗೆ ಮಾವ, ಕೋಪವೋ ಅಳುವೋ ತಿಳಿಯದ ದನಿ, ಕತ್ತಿ ಎತ್ತಿ ಕೈಗಿತ್ತ. ಈಗ ನದಿಯ ಕಡೆಗೆ, ಖಾಲಿ ಬೀದಿ, ಕೂಗು, ಉಜ್ಜು, ಸಂಜೆ ಮನೆಗೆ ಹೋದರೆ ಎಲ್ಲ ಹೇಳುತ್ತಾಳೆ, ಅದು ಬಂದಿತ್ತು ಕಣೋ, ನೀನಿರಲಿಲ್ಲ, ಹೌದಾ ಅಮ್ಮಾ ಅನ್ನಬೇಕು, ಅನ್ನುತ್ತೇನೆ, ಇವತ್ತು, ನಾಳೆ, ಅವಳಿರುವ ತನಕ — ಅವಳ ಮುಖ ಹತ್ತಿರವೇ ಇತ್ತು, ಒಂದು ಗೇಣು, ಕಣ್ಣು ತೆರೆದಿದ್ದರೆ ನಾರಿನ ಸಂದಿನಲ್ಲಿ ನನ್ನ ಕಣ್ಣು ಕಾಣುತ್ತಿತ್ತೇನೋ, ತೆರೆಯಲಿಲ್ಲ, ಆ ಮುಚ್ಚಿದ ರೆಪ್ಪೆ, ಕುಡಿಯುವಾಗಲೂ ಬಿಗಿದೇ ಇದ್ದ ರೆಪ್ಪೆ, ರೆಪ್ಪೆ